ತಡೆಹಿಡಿದ ಪೊಟ್ಟಣ

ಬೆಳಗ್ಗೆ ಎಂದಿನಂತೆ ತಕ್ಕಡಿಗೆ ಕೈಮುಗಿದು ಕುಳಿತ ಔಷಧಶಾಲೆಯ ಗುರುಗಳನ್ನು ಶಿಷ್ಯ ಕೇಳಿದ: “ಗುರುಗಳೇ, ಚೀಟಿಯಲ್ಲಿ ಬರೆದದ್ದನ್ನು ತೂಗಿ ಕೊಡುವುದು ನಮ್ಮ ಕೆಲಸ. ನೀವು ಎರಡೆರಡು ಸಲ ತೂಗಿಸುತ್ತೀರಿ. ಸಂಶಯ ಬಂದರೆ ವೈದ್ಯರ ಬಳಿಗೆ ಓಡಿಸುತ್ತೀರಿ. ಕಿಟಕಿಯಾಚೆ ಜನ ಗೊಣಗುತ್ತಾರೆ. ಈ ತಡದಿಂದ ಯಾರಿಗೆ ಏನು ಲಾಭ?”

ಗುರುಗಳು ಹೇಳಿದರು:

ಒಂದು ಆಸ್ಪತ್ರೆಯಲ್ಲಿ ಒಬ್ಬ ಕಾಂಪೌಂಡರ್ ಇದ್ದ. ಅವನ ಕಪಾಟಿನಲ್ಲಿ ಪುಡಿಯ ಎರಡು ಸೀಸೆಗಳಿದ್ದವು, ಒಂದು ಹಳೆಯ ಔಷಧಿ, ಇನ್ನೊಂದು ಹೊಸದಾಗಿ ಬಂದದ್ದು. ಎರಡರಲ್ಲೂ ಕೃತಕ ಈಸ್ಟ್ರೋಜೆನ್. ಹೆಣ್ಣಿನ ದೇಹದಲ್ಲೇ ಹುಟ್ಟುವ ಈಸ್ಟ್ರೋಜೆನ್ ಹಾರ್ಮೋನು ಸ್ಟೀರಾಯ್ಡ್ ಜಾತಿಯದು. ಈ ಪುಡಿಗಳು ಆ ಜಾತಿಯವಲ್ಲ. ಆದರೂ ದೇಹ ಇವುಗಳ ಮಾತು ಕೇಳುತ್ತಿತ್ತು. ಬಾಣಂತಿಯ ಹಾಲು ಇಂಗಿಸಲು ಆ ಕಾಲದಲ್ಲಿ ಇವನ್ನು ಕೊಡುತ್ತಿದ್ದರು. ನೋಡಲು ಎರಡೂ ಬಿಳಿ. ಬಲ ಬೇರೆ. ಹಳೆಯ ಪುಡಿಯ ಹತ್ತು ಪಾಲು ಮಾಡುವ ಕೆಲಸವನ್ನು ಹೊಸದರ ಒಂದು ಪಾಲು ಮಾಡುತ್ತಿತ್ತು.

ಒಂದು ದಿನ ಬಾಣಂತಿಯೊಬ್ಬಳು ಅತ್ತೆಯೊಡನೆ ಬಂದು ಚೀಟಿ ಕೊಟ್ಟಳು. ಅವಳ ಮಗು ಹುಟ್ಟಿದ ದಿನವೇ ತೀರಿಕೊಂಡಿತ್ತು. ಎದೆ ಬಿಗಿದು ನೋಯುತ್ತಿತ್ತು. ವೈದ್ಯರು ಹೊಸ ಪುಡಿಯ ಹೆಸರಿನ ಮುಂದೆ ಹಳೆಯ ಪುಡಿಯ ಅಳತೆ ಬರೆದಿದ್ದರು. ಕಾಂಪೌಂಡರ್ ತಕ್ಕಡಿ ಕೆಳಗಿಟ್ಟ.

ಅತ್ತೆ ಸಿಡುಕಿದಳು: “ಏನಪ್ಪಾ, ಔಷಧಿ ಕೊಡ್ತೀಯೋ, ಬಂಗಾರ ತೂಗ್ತೀಯೋ?”

“ಬಂಗಾರ ಆಗಿದ್ರೆ ಒಂದಿಷ್ಟು ಹೆಚ್ಚೇ ಕೊಡ್ತಿದ್ದೆ, ತಾಯಿ. ಇದು ಹೆಚ್ಚಾಗಬಾರದು.”

ಅವನು ವೈದ್ಯರನ್ನು ಹುಡುಕಿ ಹೋದ. ಅವರು ಶಸ್ತ್ರಚಿಕಿತ್ಸೆಯಲ್ಲಿದ್ದರು. ಅರ್ಧ ಗಂಟೆ ಬಾಗಿಲಲ್ಲಿ ನಿಂತ. ಹೊರಬಂದ ವೈದ್ಯರು ಮೊದಲು ಗದರಿದರು. ಆಮೇಲೆ ಚೀಟಿ ನೋಡಿದರು. ಅಳತೆ ತಿದ್ದಿ, ಅವನ ಭುಜ ಮುಟ್ಟಿ ಕಳುಹಿಸಿದರು.

ಆ ಅರ್ಧ ಗಂಟೆಯಲ್ಲಿ ಒಬ್ಬ ಮುದುಕಿ ಕಿಟಕಿಗೆ ಬಂದಿದ್ದಳು. ಅವಳ ಮಡಿಲಲ್ಲಿ ಎರಡು ದಿನದ ಮೊಮ್ಮಗ. ಹೆತ್ತವಳು ಹೆರಿಗೆಯಲ್ಲೇ ಹೋಗಿದ್ದಳು. ಹಸುವಿನ ಹಾಲು ಕೊಟ್ಟರೆ ಶಿಶು ಕಕ್ಕುತ್ತಿತ್ತು. ಅಳುವ ಶಕ್ತಿಯೂ ಅದಕ್ಕೆ ಉಳಿದಿರಲಿಲ್ಲ. ಬೆಂಚಿನ ಮೇಲೆ ಔಷಧಿಗೆ ಕಾದಿದ್ದ ಬಾಣಂತಿ ಅದನ್ನು ನೋಡಿದಳು. ಕೈ ಚಾಚಿದಳು.

ಕಾಂಪೌಂಡರ್ ಹತ್ತರಲ್ಲೊಂದು ಪಾಲು ತೂಗಿ, ಪೊಟ್ಟಣ ಕಟ್ಟಿ ಕರೆದ.

“ಬೇಡ ಅಣ್ಣಾ,” ಎಂದಳು ಅವಳು, ತಲೆ ಎತ್ತದೆ. “ಕುಡೀತಾ ಇದೆ.”

ಎರಡು ವರ್ಷ ಅವಳೇ ಹಾಲೂಡಿಸಿದಳು.

ಗುರುಗಳು ನಿಲ್ಲಿಸಿದರು. ಶಿಷ್ಯ ಕೇಳಿದ: “ಆ ಶಿಶು ಬದುಕಿತೇ?”

ಗುರುಗಳು ತೂಕದ ಕಲ್ಲುಗಳನ್ನು ಅವನ ಮುಂದಕ್ಕೆ ಸರಿಸಿದರು.

“ಬದುಕಿತು; ದಿನವೂ ಈ ತಕ್ಕಡಿಗೆ ಅದು ಕೈಮುಗಿಯುವುದನ್ನು ನೀನು ನೋಡುತ್ತಿದ್ದೀಯೆ, ಇನ್ನೊಮ್ಮೆ ತೂಗು.”