ಪುಂಡಿಗಿಡ ಮತ್ತು ತಿಳಿವಳಿಕೆ ಫಲಕ

ಊರ ಅಗಸೆಬಾಗಿಲಲ್ಲಿ 'ಗಾಂಜಾ ಗುರುತಿಸಿ, ಕಿತ್ತೆಸೆಯಿರಿ' ಎಂಬ ಫಲಕ ನಿಂತ ದಿನವೇ ಜನ ಸಿದ್ದವ್ವನ ಹೊಲದ ಪುಂಡಿಪಲ್ಯವನ್ನೆಲ್ಲ ಬೇರುಸಹಿತ ಕಿತ್ತು ತಂದು ಫಲಕದ ಬುಡದಲ್ಲಿ ಒಟ್ಟಿದರು. ಬಿಸಿಲಿಗೆ ಬಾಡುತ್ತಿದ್ದ ಪುಂಡಿಗಿಡಕ್ಕೆ ಮೈಯೆಲ್ಲ ಉರಿದುಹೋಯಿತು.

"ನಾನೇನು ತಪ್ಪು ಮಾಡಿದ್ದೆ?" ಎಂದು ಅದು ಫಲಕವನ್ನು ಕೇಳಿತು.

"ಎಲೆಗೆ ಐದು ಬೆರಳಿದ್ದರೆ ಅದು ಗಾಂಜಾ. ನಾನು ಜನರಿಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದೇನೆ," ಎಂದಿತು ಫಲಕ.

"ಗಾಂಜಾದ ಅಮಲೆಲ್ಲ ತುಂಬಿರುವುದು ಹೆಣ್ಣುಗಿಡದ ಹೂವಿನ ಅಂಟು ರೋಮಗಳಲ್ಲಿ. ನನ್ನ ಹೂವೋ ದಾಸವಾಳದ ಜಾತಿಯದು. ಅದನ್ನೇಕೆ ಬರೆಸಿಕೊಳ್ಳಲಿಲ್ಲ?"

"ಜಾಗ ಸಾಲಲಿಲ್ಲ. ಉದ್ಘಾಟನೆಗೆ ಬಂದವರ ಫೋಟೊಗಳೇ ಹನ್ನೊಂದು."

ಪುಂಡಿ ಮತ್ತೆ ಬಾಯಿ ತೆರೆಯುವಷ್ಟರಲ್ಲಿ, ಫಲಕದ ಬೆನ್ನ ಹಿಂದೆ ಮೈತುಂಬ ಹೂ ಬಿಟ್ಟು ನಿಂತಿದ್ದ ಗಾಂಜಾ ಗಿಡ ಮೆಲ್ಲಗೆ ಹೇಳಿತು: "ಸ್ವಲ್ಪ ಸುಮ್ಮನಿರಕ್ಕ, ಜನ ಕಲಿಯುತ್ತಿದ್ದಾರೆ."