ನಿಂಬೆಹಣ್ಣು ಸಾಲದ ಮರ

ಕಚೇರಿ ಅಂಗಳದ ಒಣಮರ ತೆಗೆಯಲು ಬಂದ ಕ್ರೇನ್ ಡ್ರೈವರ್ ಚೌಡಪ್ಪ, ರೂಢಿಯಂತೆ ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ.

"ತುಂಡು ತುಂಡಾಗಿ ಇಳಿಸ್ತಾ ಕೂತರೆ ಸಂಜೆಯಾಗುತ್ತೆ. ಬುಡ ಕೊಯ್ದು ಇಡೀ ಮರ ಒಂದೇ ಸಲ ಎತ್ತು," ಎಂದರು ಸಾಹೇಬರು.

"ಕ್ರೇನ್ ತಡೆಯಲ್ಲ ಸಾರ್. ಬಿದ್ದರೆ?"

"ಏನೂ ಬೀಳಲ್ಲ. ನಾನು ಹೇಳ್ತಿದ್ದೀನಲ್ಲ."

ಚೌಡಪ್ಪ ನಿಂಬೆಹಣ್ಣುಗಳನ್ನು ಎತ್ತಿ ಜೇಬಿಗೆ ಹಾಕಿಕೊಂಡ. "ಹಾಗಾದ್ರೆ ಇವು ಸಾಲಲ್ಲ ಸಾರ್. ಇಡೀ ಮರ ಎತ್ತುವಾಗ, ಬೀಳಲ್ಲ ಅಂದವರ ಕಾರನ್ನೇ ಮರದ ಕೆಳಗೆ ನಿಲ್ಲಿಸೋದು ನಮ್ಮ ಪದ್ಧತಿ. ಕೀ ಕೊಡಿ."

ಸಾಹೇಬರು ಮರ ನೋಡಿದರು. ತಮ್ಮ ಹೊಸ ಕಾರು ನೋಡಿದರು. "ತುಂಡು ಮಾಡಿಯೇ ಇಳಿಸಯ್ಯ," ಎಂದರು.

ಮರ ಸಂಜೆಗೆ ಹನ್ನೊಂದು ತುಂಡಾಗಿ ಇಳಿಯಿತು.

ಮರುದಿನ ಇನ್ನೊಂದು ಮರವಿತ್ತು. ಸಾಹೇಬರೇ ನಾಲ್ಕು ನಿಂಬೆಹಣ್ಣು ಹಿಡಿದು ಬಂದರು. ಕಾರು ಮನೆಯಲ್ಲೇ ಬಿಟ್ಟು, ನಡೆದುಕೊಂಡು.