ಕೂಗುವ ಪಂಪು

“ಅಜ್ಜಾರ, ದಿನಾ ಗೊಣಗೋರನ್ನ ಮಠದಾಗ ಇಟ್ಕೋಬೇಕೋ, ಕಳಿಸಿಬಿಡಬೇಕೋ?”

ಕೇಳಿದವನು ಗುರುಪಾದ. ಮಠದ ದಾಸೋಹದ ಉಸ್ತುವಾರಿ ಅವನದು. ಅವನ ಕೈಯಲ್ಲಿ ಒಂದು ಕಾಗದವಿತ್ತು. ಸೋಮವಾರದಿಂದ ಅಡುಗೆಗೆ ಬರಲು ಒಪ್ಪಿ ಹೊಸಬನೊಬ್ಬ ಬರೆದ ಕಾಗದ. ಗುರುಗಳು ಹೂಂ ಎಂದರೆ ಸಾಕಿತ್ತು, ಹದಿನೆಂಟು ವರ್ಷ ಆ ಒಲೆಯ ಮುಂದೆ ನಿಂತಿದ್ದ ಶಂಕ್ರವ್ವ ತನ್ನ ಗಂಟು ಕಟ್ಟಬೇಕಿತ್ತು.

“ಶಂಕ್ರವ್ವನ ಮಾತೇನು?” ಎಂದರು ಗುರುಗಳು.

“ಆಕಿದ ರೀ. ಉಪ್ಪು ಕೇಳಿದರೂ ಸಿಡಿಮಿಡಿ, ನೀರು ಕೇಳಿದರೂ ಸಿಡಿಮಿಡಿ. ಆಕಿ ಪಾತ್ರಿ ಇಡೋ ಸಪ್ಪಳ ಪೂಜಿ ಮನಿಗೆ ಕೇಳತೈತಿ. ನಾವೇನು ಆಕಿಗೆ ಕಡಿಮಿ ಮಾಡೇವ್ರಿ? ಎರಡು ವರ್ಷದ ಹಿಂದ ತುಂಬಿದ ಸಭಾದಾಗ ಶಾಲು ಹೊಚ್ಚಿ, ‘ಅನ್ನಪೂರ್ಣಿ’ ಅಂತ ಬಿರುದು ಕೊಟ್ಟೆವು. ಈಕಿ ಇಲ್ಲಂದರ ಈ ಮಠದ ಒಲಿ ಒಂದು ದಿನಾನೂ ಹತ್ತಂಗಿಲ್ಲ ಅಂತ ನಾನ ಮೈಕಿನಾಗ ಹೇಳಿದೆ. ಗೊಣಗಾಟ ಶುರು ಆದದ್ದ ಆಮ್ಯಾಲೆ. ಹೊಗಳಿಕಿ ತಲಿಗೇರಿತು, ಮತ್ತೇನ್ರಿ.”

“ಯಾವಾಗರೆ ಸುಮ್ಮನಿರತಾಳೇನು?”

ಗುರುಪಾದ ಸ್ವಲ್ಪ ಯೋಚಿಸಿದ. “ಆಕಿ ತಮ್ಮ ಬಂದು ಭೆಟ್ಟಿ ಆಗಿ ಹೋದರ ಎರಡು ದಿನ ತಣ್ಣಗಿರತಾಳ್ರಿ. ಅವ ಶೇಂಗಾ ಉಂಡಿ ತರತಾನು. ಉಂಡಿ ತಿಂದು ಸಮಾಧಾನ ಆಗತೈತೋ ಏನೋ.”

ಗುರುಗಳು ಅವನ ಮುಖವನ್ನು ನೋಡಿದರು. ನಗು ಬಂತು, ನುಂಗಿಕೊಂಡರು.

“ಕೂಡು. ಒಂದು ಕಾರಿನ ಕತಿ ಹೇಳತೀನಿ.”

ಮಠದಲ್ಲಿ ಕಾರಿನ ಕತೆಯೇ ಎಂದು ಗುರುಪಾದ ಹುಬ್ಬೇರಿಸಿದ. “ಕಾವಿ ಉಡೋ ಮೊದಲು ನಾನೂ ಬೋಲ್ಟು ಬಿಚ್ಚಿದಾವನ,” ಎಂದರು ಗುರುಗಳು. ಆಮೇಲೆ ಹೇಳಿದರು:

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ತಂದೆ ಸಾಯುವಾಗ ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಬಿಟ್ಟುಹೋಗಿದ್ದ. ಅದಕ್ಕೆ ಎರಡೇ ಸೀಟು. ಹೆಂಡತಿ ಮಕ್ಕಳನ್ನೆಲ್ಲ ಕೂರಿಸುವಂತಿಲ್ಲ, ಅಂಗಡಿಯ ಒಂದು ಗಂಟನ್ನೂ ಹೇರುವಂತಿಲ್ಲ. ಆದರೂ ವ್ಯಾಪಾರಿಗೆ ಅದೆಂದರೆ ಜೀವ. ಅವನ ತಂದೆ ಹೆಚ್ಚು ಮಾತಿನವನಲ್ಲ. ಭಾನುವಾರ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಸುತ್ತು ಹಾಕುತ್ತಿದ್ದ, ಅಷ್ಟೇ. ತಂದೆಯ ಪ್ರೀತಿ ಎಂದರೆ ಮಗನಿಗೆ ಆ ಸುತ್ತೇ ನೆನಪಿಗೆ ಬರುತ್ತಿತ್ತು.

ತಂದೆ ಹೋದ ವರ್ಷ ಮಗ ಆಯುಧ ಪೂಜೆಯನ್ನು ಬಹಳ ಭಕ್ತಿಯಿಂದ ಮಾಡಿದ. ಕಾರನ್ನು ತೊಳೆದ, ಹೂವು ಹಾಕಿದ, ನಿಂಬೆಹಣ್ಣನ್ನು ಚಕ್ರದ ಕೆಳಗಿಟ್ಟ. ಮರುವರ್ಷವೂ ಹಾಗೆಯೇ ಮಾಡಿದ. ಮೊದಲ ದಸರಾ ಮುಗಿದ ಕೆಲವು ದಿನಗಳಲ್ಲೇ ಕಾರಿನ ಹಿಂಬದಿಯಿಂದ ಒಂದು ಸದ್ದು ಶುರುವಾಗಿತ್ತು. ಗುಂಯ್ ಎನ್ನುವ ಸಣ್ಣ ಕೂಗು. ಹೊರಟಾಗ ಇರುತ್ತಿರಲಿಲ್ಲ. ಅರ್ಧ ಗಂಟೆ ಓಡಿದ ಮೇಲೆ ಬರುತ್ತಿತ್ತು. ಬರಬರುತ್ತ ಜೋರಾಗಿ, ಕೊನೆಗೆ ಕಾರು ಮುಗ್ಗರಿಸಿ ನಿಂತುಬಿಡುತ್ತಿತ್ತು.

ವ್ಯಾಪಾರಿ ಒಬ್ಬ ಮೆಕ್ಯಾನಿಕನನ್ನು ಕರೆಸಿದ. ಟ್ಯಾಂಕಿನ ಪಕ್ಕದಲ್ಲಿ ಪೆಟ್ರೋಲನ್ನು ಎಳೆದು ಇಂಜಿನ್‌ಗೆ ಕಳಿಸುವ ಕರೆಂಟಿನ ಪಂಪು ಇತ್ತು. ಕೂಗು ಅಲ್ಲಿಂದಲೇ ಬರುತ್ತಿತ್ತು. ಕೂಗುವುದೇ ಕೆಟ್ಟಿರಬೇಕು ಎಂದು ಮೆಕ್ಯಾನಿಕ್ ತೀರ್ಮಾನಿಸಿದ. ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲನ್ನು ಡಬ್ಬಿಗೆ ಇಳಿಸಿದ, ಹಳೆಯ ಪಂಪನ್ನು ಕಿತ್ತ, ಹೊಸದನ್ನು ಹಾಕಿದ. ಆ ದಿನ ಕಾರು ಮೌನವಾಗಿತ್ತು. ಮರುದಿನ ಹೊಸ ಪಂಪೂ ಕೂಗಿತು.

ಇನ್ನೊಬ್ಬ ಮೆಕ್ಯಾನಿಕ್ ಬಂದ. ಅವನು ಮೊದಲನೆಯವನನ್ನು ಬೈದು, ಇನ್ನೂ ಒಂದು ಹೊಸ ಪಂಪು ಹಾಕಿದ. ಬುಡಕ್ಕೆ ದಪ್ಪ ರಬ್ಬರೂ ಕೊಟ್ಟ. ಅದೂ ಕೂಗಿತು. ಆಗ ಅವನು, “ಗಾಡಿಗೆ ವಯಸ್ಸಾತ್ರಿ. ಹಾಡು ಜೋರಾಗಿ ಹಚ್ಚಿಕೊಂಡು ಹೊಡೀರಿ, ಸಪ್ಪಳ ಕೇಳಂಗಿಲ್ಲ,” ಎಂದು ಹೇಳಿ ಹೋದ. ಇಂಥ ಸಲಹೆ ಕೊಡುವವರು ಎಲ್ಲ ಕಸುಬಿನಲ್ಲೂ ಇದ್ದಾರೆ, ನಮ್ಮದರಲ್ಲೂ ಇದ್ದಾರೆ.

ವ್ಯಾಪಾರಿಗೆ ಬೇಸರವಾಯಿತು. ಕಾರಿನಲ್ಲಿ ಕೂತರೆ ತಂದೆ ನೆನಪಾಗುವ ಬದಲು ಆ ಕೂಗೇ ಕಿವಿಗೆ ಬೀಳುತ್ತಿತ್ತು. ಗುಜರಿಯವನಿಗೆ ಹೇಳಿ ಕಳಿಸಿದ. ಸೋಮವಾರ ಬಂದು ಒಯ್ಯುತ್ತೇನೆ ಎಂದು ಅವನು ಒಪ್ಪಿದ.

ಶನಿವಾರ ವ್ಯಾಪಾರಿಯ ಮನೆಯ ಬೋರ್‌ವೆಲ್ ಮೋಟರು ಸುಟ್ಟಿತು. ಅದನ್ನು ನೋಡಲು ಒಬ್ಬ ಮುದುಕ ಬಂದ. ಹೊಲದ ಪಂಪು, ಬಾವಿಯ ಪಂಪು ರಿಪೇರಿ ಮಾಡುವುದು ಅವನ ಕಸುಬು. ಅವನು ತಂತಿ ಬಿಚ್ಚುತ್ತ ಕೂತಿದ್ದಾಗ ವ್ಯಾಪಾರಿಯ ಕಾರು ಕೂಗುತ್ತ ಅಂಗಳಕ್ಕೆ ಬಂತು. ಮುದುಕ ಕೈಯಲ್ಲಿದ್ದ ತಂತಿಯನ್ನು ಅಲ್ಲೇ ಬಿಟ್ಟು ಎದ್ದ.

“ಸಾವ್ಕಾರ್ರ, ಬಂದ್ ಮಾಡಬ್ಯಾಡ್ರಿ. ಸ್ವಲ್ಪ ಕೇಳತೀನಿ.”

“ಅದು ಕಾರೋ ಮಾರಾಯ, ನಿನ್ನ ಬೋರ್‌ವೆಲ್ ಅಲ್ಲ.”

“ಕಾರು ನಿಮ್ಮದ್ರಿ. ಕೂಗು ನಮ್ಮ ಕಡೀದು.”

ಮುದುಕ ಕಾರಿನ ಹಿಂದೆ ನೆಲಕ್ಕೆ ಕೂತ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡ. ಕಣ್ಣು ಮುಚ್ಚಿದ. ಬಹಳ ಹೊತ್ತು ಹಾಗೆಯೇ ಇದ್ದ. ಅಂಥ ಕಾರನ್ನು ಅವನು ಜನ್ಮದಲ್ಲಿ ಮುಟ್ಟಿರಲಿಲ್ಲ. ಆದರೆ ನೀರಿಲ್ಲದ ಬಾವಿಯಲ್ಲಿ ಪಂಪು ಹೇಗೆ ಕೂಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಪಂಪು ಕೆಟ್ಟರೆ ಕರಕರ ಎನ್ನುತ್ತದೆ. ಎಳೆಯಲು ಏನೂ ಸಿಗದಿದ್ದರೆ ಗುಂಯ್ ಎನ್ನುತ್ತದೆ. ಇಲ್ಲಿ ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲಿದೆ. ಆದರೂ ಪಂಪಿಗೆ ಸಿಗುತ್ತಿಲ್ಲ. ಯಾಕೆ? ಮುದುಕನಿಗೆ ಮೋಟರಿನ ಕೆಲಸವೇ ಮರೆತುಹೋಯಿತು.

“ಇದು ಯಾವಾಗರೆ ಸುಮ್ಮನಾಗತೈತೇನ್ರಿ?” ಎಂದು ಕೇಳಿದ.

ವ್ಯಾಪಾರಿ ಗುಟ್ಟು ಹೇಳುವವನಂತೆ ಹತ್ತಿರ ಬಂದ. “ಒಂದು ಬಂಕಿನ ಪೆಟ್ರೋಲು ಇದಕ್ಕ ಒಗ್ಗತೈತಿ. ಅಲ್ಲಿ ಎರಡು ಲೀಟರ್ ಹಾಕಿಸಿದರ ಸಾಕು, ತಕ್ಷಣ ತಣ್ಣಗಾಗತೈತಿ. ಅದಕ್ಕ ದಿನಾ ಅಲ್ಲೇ ಹೋಗತೀನಿ.”

“ಬ್ಯಾರೆ ಬಂಕಿನಾಗ ಹಾಕಿಸಿ ನೋಡೀರೇನು?”

“ಯಾಕ ಹಾಕಿಸಲಿ? ಒಗ್ಗಿದ್ದು ಸಿಕ್ಕೈತಲ್ಲ.”

ಮುದುಕ ವಾದ ಮಾಡಲಿಲ್ಲ. ತಾನೂ ಒಂದು ಸುತ್ತು ಬರುತ್ತೇನೆ ಎಂದ. ತಂದೆ ಇದ್ದಾಗ ಮಗ ಕೂರುತ್ತಿದ್ದ ಸೀಟಿನಲ್ಲಿ ಅವನು ಮೊಣಕಾಲು ಮಡಚಿ ಕೂತ. ಊರ ಹೊರಗೆ ಹೋದರು. ಅರ್ಧ ಗಂಟೆಗೆ ಕೂಗು ಬಂತು. ಮುದುಕ ಅಲ್ಲೇ ನಿಲ್ಲಿಸಲು ಹೇಳಿದ. ಸುತ್ತ ಬಂಕು ಇರಲಿಲ್ಲ, ಮನೆಯೂ ಇರಲಿಲ್ಲ. ಇಂಜಿನ್ ನಡೆಯುತ್ತಿತ್ತು, ಪಂಪು ಕೂಗುತ್ತಿತ್ತು. ಮುದುಕ ಇಳಿದು ಹಿಂದೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ತಿರುಗಿಸಿದ.

ಸ್ಸ್ ಎಂದು ಗಾಳಿ ಒಳಗೆ ಹೋಯಿತು. ಪಂಪು ಸುಮ್ಮನಾಯಿತು.

ವ್ಯಾಪಾರಿ ಇಳಿದು ಬಂದು ನೋಡಿದ. ಯಾರೂ ಪೆಟ್ರೋಲು ಹಾಕಿರಲಿಲ್ಲ. ಅವನಿಗೆ ನಂಬಿಕೆಯಾಗಲಿಲ್ಲ. ಮುಚ್ಚಳ ಹಾಕಿ ಮತ್ತೆ ಅರ್ಧ ಗಂಟೆ ಓಡಿಸಿದರು, ಕೂಗಿತು. ತೆಗೆದರು, ನಿಂತಿತು. ಇನ್ನೊಂದು ಸಲ ಮಾಡೋಣ ಎಂದ ವ್ಯಾಪಾರಿ. ಆಟದ ಸಾಮಾನು ಸಿಕ್ಕ ಮಕ್ಕಳಂತೆ ಇಬ್ಬರೂ ಮೂರು ಸಲ ಮಾಡಿದರು. ಮಧ್ಯಾಹ್ನದ ಊಟ ತಪ್ಪಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಕಾರಿನಲ್ಲಿ ಒಂದು ನೀರಿನ ಪ್ಲಾಸ್ಟಿಕ್ ಬಾಟಲಿ ಇತ್ತು. ಮುದುಕ ಅದನ್ನು ವ್ಯಾಪಾರಿಯ ಕೈಗೆ ಕೊಟ್ಟು, ಅದರ ಬಾಯಿಯನ್ನು ತುಟಿಯಿಂದ ಗಟ್ಟಿಯಾಗಿ ಮುಚ್ಚಿ ಹೀರಲು ಹೇಳಿದ. ವ್ಯಾಪಾರಿ ಹೀರಿದ. ಎರಡು ಗುಟುಕು ಬಂತು. ಆಮೇಲೆ ಬಾಟಲಿ ಮುದುಡಿತು, ನೀರು ಬರಲಿಲ್ಲ. ಇನ್ನೂ ಜೋರಾಗಿ ಹೀರಿದ. ಗಂಟಲಿನಿಂದ ವಿಚಿತ್ರ ಸದ್ದು ಹೊರಟಿತು.

“ನೀವೂ ಕೂಗಿದ್ರಿ ನೋಡ್ರಿ,” ಎಂದ ಮುದುಕ. “ಹಂಗಂತ ನಿಮ್ಮನ್ನ ಕಿತ್ತು ಒಗೀಲೇನು? ಪೆಟ್ರೋಲು ಹೊರಗ ಹೋದಷ್ಟು ಗಾಳಿ ಒಳಗ ಬರಬೇಕು. ಅದಕ್ಕ ಮುಚ್ಚಳದಾಗ ಒಂದು ತೂತು ಇಟ್ಟಿರತಾರ. ನಿಮ್ಮ ಮುಚ್ಚಳದಾಗ ಅದು ಎಲ್ಲೈತಿ?”

ಇಬ್ಬರೂ ಬಗ್ಗಿ ನೋಡಿದರು. ತೂತು ಕಾಣಲಿಲ್ಲ. ಮುಚ್ಚಳದ ನಟ್ಟನಡುವೆ ಒಂದು ದೊಡ್ಡ ಬೊಟ್ಟು ಕಂಡಿತು. ಗಂಧ, ಅದರ ಮೇಲೆ ಕುಂಕುಮ, ಅದರ ಮೇಲೆ ಅಕ್ಷತೆ. ಮರುವರ್ಷದ ಗಂಧ, ಮತ್ತೆ ಕುಂಕುಮ. ಒಣಗಿ ಕಲ್ಲಾಗಿತ್ತು. ವ್ಯಾಪಾರಿಯ ತಂದೆ ಯಾವಾಗಲೂ ಸ್ಟೇರಿಂಗಿಗೆ ಒಂದು ಸಣ್ಣ ಬೊಟ್ಟು ಇಡುತ್ತಿದ್ದ, ಮುಗಿಯಿತು. ಮಗನ ಭಕ್ತಿಗೆ ಅಷ್ಟು ಸಾಲಲಿಲ್ಲ. ಇಡೀ ಕಾರಿನಲ್ಲಿ ದುಂಡಗೆ, ಆರತಿ ತಟ್ಟೆಯ ಹಾಗೆ ಹೊಳೆಯುತ್ತಿದ್ದದ್ದು ಆ ಮುಚ್ಚಳ. ಬೊಟ್ಟನ್ನು ಅಲ್ಲೇ ಇಟ್ಟಿದ್ದ. ಕಾರು ತೊಳೆಯುವವರಿಗೂ ಅದನ್ನು ಅಳಿಸಬಾರದೆಂದು ಹೇಳಿದ್ದ. ಆ ಇಬ್ಬರು ಮೆಕ್ಯಾನಿಕರೂ ಅದನ್ನು ನೋಡಿದ್ದರು. ಮೊದಲನೆಯವನು ಅದಕ್ಕೆ ಕೈಮುಗಿದು ಕೆಲಸ ಶುರು ಮಾಡಿದ್ದ. ದೇವರ ಬೊಟ್ಟನ್ನು ಕೆರೆಯುವ ಧೈರ್ಯ ಯಾರಿಗಿದೆ?

ಮುದುಕನೂ ಕೆರೆಯಲಿಲ್ಲ. “ತೆಗೀರಿ, ಸಾವ್ಕಾರ್ರ,” ಎಂದು ಪಕ್ಕಕ್ಕೆ ಸರಿದು ನಿಂತ.

ವ್ಯಾಪಾರಿಗೆ ಸಿಟ್ಟು ಬಂತು. ಆ ಬೊಟ್ಟಿನಿಂದಲೇ ಗಾಡಿ ಇಷ್ಟು ದಿನ ಓಡಿದೆ ಎಂದು ಕೂಗಾಡಿದ. ಮುದುಕ ಮುದುಡಿದ ಬಾಟಲಿಯನ್ನು ಮುಂದೆ ಹಿಡಿದ. ವ್ಯಾಪಾರಿ ಅದನ್ನು ನೋಡಿದ. ಕೊನೆಗೆ ಉಳಿದ ನೀರನ್ನು ತಾನೇ ಬೊಟ್ಟಿನ ಮೇಲೆ ಸುರಿದು, ಬೆರಳಿನಿಂದ ಮೆಲ್ಲಗೆ ಉಜ್ಜಿದ. ಕೆಂಪು ನೀರು ಇಳಿಯಿತು. ಗಂಧದ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ತೂತು ಇತ್ತು. ಮುದುಕ ತನ್ನ ಅಂಗಿಯ ಗುಂಡಿಯ ಜಾಗದಲ್ಲಿದ್ದ ಪಿನ್ನನ್ನು ಬಿಚ್ಚಿ ಅದರಲ್ಲಿ ಆಡಿಸಿದ. ಮುಚ್ಚಳ ಹಾಕಿದರು. ಮನೆಯವರೆಗೂ ಕಾರು ಸದ್ದಿಲ್ಲದೆ ಬಂತು. ಗುಜರಿಯವನಿಗೆ ಬರಬೇಡ ಎಂದು ಹೇಳಿ ಕಳಿಸಿದ್ದಾಯಿತು.

“ಹಂಗಾರ ನಾನು ಪೂಜಿ ಮಾಡಬಾರದೇನು?” ಎಂದು ವ್ಯಾಪಾರಿ ಅಂಗಳದಲ್ಲಿ ನಿಂತು ಕೇಳಿದ.

“ಮಾಡ್ರಿ, ಯಾರು ಬ್ಯಾಡ ಅಂದಾರು? ಬೊಟ್ಟು ಹಚ್ರಿ. ತೂತು ಬಿಟ್ಟು ಹಚ್ರಿ.”

ಅಷ್ಟು ಹೇಳಿ ಮುದುಕ ಬೋರ್‌ವೆಲ್ ಮೋಟರಿನ ತಂತಿ ಬಿಚ್ಚಲು ಕೂತ. ವ್ಯಾಪಾರಿಗೆ ಆಗ ಮೊದಲ ಪಂಪು ನೆನಪಾಯಿತು. ಅದು ಅವನ ತಂದೆ ಕೈಯಾರೆ ಕೂರಿಸಿದ್ದು. ಅದನ್ನೇ ಮತ್ತೆ ಹಾಕಬೇಕೆಂದು ಮೊದಲ ಮೆಕ್ಯಾನಿಕನ ಹತ್ತಿರ ಓಡಿದ. ಅದು ಎಂದೋ ಗುಜರಿಗೆ ಹೋಗಿ ಕರಗಿಹೋಗಿತ್ತು. ಅದರಲ್ಲಿ ಏನೂ ದೋಷವಿರಲಿಲ್ಲ. ವ್ಯಾಪಾರಿ ಆ ಗ್ಯಾರೇಜಿನ ಬಾಗಿಲಲ್ಲಿ ಕೂತು ಅತ್ತ. ತಂದೆ ಸತ್ತ ದಿನವೂ ಅವನು ಹಾಗೆ ಅತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಗುರುಪಾದನಿಗೆ ಕತೆ ಬಹಳ ಹಿಡಿಸಿತ್ತು. ತೊಡೆ ತಟ್ಟಿ ನಕ್ಕ. “ಎಂಥಾ ಹುಚ್ಚ ಅದಾನ್ರಿ ಅಜ್ಜಾರ ಆ ಸಾವ್ಕಾರ! ಮರ್ಯಾದಿ ಮಾಡಾಕ ಹೋಗಿ ಉಸಿರ ಕಟ್ಟಿಸಿಬಿಟ್ಟನಲ್ರಿ.”

ಅಷ್ಟರಲ್ಲಿ ಅಡುಗೆ ಮನೆಯಿಂದ ಪಾತ್ರೆ ಕುಕ್ಕಿದ ಸದ್ದು ಬಂತು. ಕೇಳಿದಿರಾ ಎಂಬಂತೆ ಗುರುಪಾದ ಕೈಯಲ್ಲಿದ್ದ ಕಾಗದವನ್ನು ಮುಂದೆ ಚಾಚಿದ. ಗುರುಗಳು ಕಾಗದವನ್ನು ತೆಗೆದುಕೊಳ್ಳಲಿಲ್ಲ.

“ಶಾಲು ಹೊಚ್ಚಿದ ಮ್ಯಾಲೆ ಶಂಕ್ರವ್ವ ಒಂದು ಪಂಚಮಿ ಹಬ್ಬಕ್ಕಾದರೂ ತವರಿಗೆ ಹೋಗ್ಯಾಳೇನೋ, ತಮ್ಮಾ?”

ಗುರುಪಾದ ಚಾಚಿದ ಕಾಗದವನ್ನು ಹಿಂದಕ್ಕೆ ಎಳೆದುಕೊಂಡ. “ಒಲಿ ಹತ್ತಂಗಿಲ್ಲಂತ ನಾನ ಬಿಟ್ಟಿಲ್ರಿ,” ಎಂದ, ಅದನ್ನು ಮಡಚುತ್ತ.